ಟೈಗರ್‌ಗೆ ಹೆಣ್ಣು ನೋಡುವವರು

ಶೇಖರಪ್ಪನವರು ದೊಡ್ಡನೆಕ್ಕುಂದಿಯ ಅಪಾರ್ಟ್‌ಮೆಂಟಿಗೆ ಬಂದ ಹೊಸತರಲ್ಲಿ, ಅವರು ಮಗನಿಗೆ ಹೆಣ್ಣು ಹುಡುಕುತ್ತಿದ್ದಾರೆಂದೇ ಎಲ್ಲರೂ ತಿಳಿದಿದ್ದರು. ಬಿಳಿ ಬಣ್ಣವಿರಬೇಕು, ಒಳ್ಳೇ ಮನೆತನವಿರಬೇಕು, ಮೊದಲು ಫೋಟೊ ಕಳಿಸಬೇಕು ಅಂತ ಇಡೀ ಮಹಡಿಗೆ ಕೇಳುವಂತೆ ಫೋನಿನಲ್ಲಿ ಕೂಗುತ್ತಿದ್ದರು. ವರ ಮಾತ್ರ ಟೈಗರ್ ಎಂಬ ಪೊಮೆರೇನಿಯನ್ ನಾಯಿ. ಇವರಿಗೆ ಯಾವ ಸಂಬಂಧವೂ ಹಿಡಿಸುತ್ತಿರಲಿಲ್ಲ. ಟೈಗರ್‌ಗೆ ಅಷ್ಟು ತಾಳ್ಮೆಯಿಲ್ಲ. ಬಾಗಿಲು ತೆರೆದರೆ ಸಾಕು, ಬೀದಿಯ ಹೆಣ್ಣುನಾಯಿಗಳ ಹಿಂದೆ ಓಡಿ, ಅಲ್ಲಿನ ಗಂಡುನಾಯಿಗಳಿಂದ ಕಚ್ಚಿಸಿಕೊಂಡು ಬರುತ್ತಿತ್ತು. "ಗಂಡು ಅಂದ್ರೆ ಹಿಂಗಿರಬೇಕು ನೋಡ್ರಿ" ಎಂದು ಶೇಖರಪ್ಪನವರು ತಮ್ಮ ಮೀಸೆಯನ್ನೇ ತಿರುವಿಕೊಂಡು ಪೇಪರ್ ಬಿಡಿಸುವರು. ಗಾಯಕ್ಕೆ ಅರಿಶಿನ ಮೆತ್ತುವವರು ಹೆಂಡತಿ ಗಿರಿಜಮ್ಮ. ಮೊನ್ನೆ ಕಿವಿ ಹರಿದು, ಕೀವು ತುಂಬಿ, ಟೈಗರ್ ಅನ್ನ ಬಿಟ್ಟಿತು. "ಬೀಜ ತೆಗೆಸಿಬಿಡಿ ಸಾರ್, ಇನ್ನೊಂದ್ಸಲ ಹಿಂಗಾದ್ರೆ ಉಳಿಯಲ್ಲ" ಎಂದು ಪಶುವೈದ್ಯರು ಗದರಿದರು. ಫ್ಯಾಕ್ಟರಿಯಲ್ಲಿ ಒಂದು ಕೆಮ್ಮಿನಿಂದ ಇಡೀ ಶಿಫ್ಟನ್ನು ನಡುಗಿಸುವ ಮ್ಯಾನೇಜರ್ ಶೇಖರಪ್ಪನವರು, ತಮಗೇ ಕತ್ತಿ ತೋರಿಸಿದಂತೆ ಎರಡು ಹೆಜ್ಜೆ ಹಿಂದೆ ಸರಿದು, ನಾಯಿಯನ್ನು ಎದೆಗವಚಿಕೊಂಡು, "ಅಲ್ಲೇ ಗಿರಿಜಾ, ಆಪರೇಷನ್ ಅಂದ್ರೆ ಪಾಪ, ಅದಕ್ಕೆ ನೋವಾಗಲ್ಲೇನೇ?" ಎಂದರು. ಗಿರಿಜಮ್ಮ ನಾಯಿಯನ್ನು ಬಿಡಿಸಿಕೊಂಡು ಡಾಕ್ಟರ ಮೇಜಿನ ಮೇಲಿಟ್ಟರು. "ಆಗ್ತದೆ. ಎರಡು ಮಕ್ಕಳು ಸಾಕು ಅಂತ ನನಗೆ ಮಾಡಿಸಿದ್ರಲ್ಲ, ಆವಾಗ ನನಗೂ ಆಗಿತ್ತು."