ಆನೆ ತುಳಿದ ಸಸಿಮಡಿ

ನಾನು ಚಿಕ್ಕವಳಿದ್ದಾಗ ಅಪ್ಪ ಒಳ್ಳೆಯ ಸುದ್ದಿಯನ್ನು ನಂಬಿದ್ದನ್ನು ನೋಡಿದ ನೆನಪೇ ನನಗಿಲ್ಲ. ಕಾಫಿ ಗಿಡದ ತುಂಬ ಹೂ ಬಿಟ್ಟರೆ, “ಇಷ್ಟು ಹೂ ಒಳ್ಳೇದಲ್ಲ, ಕಾಯಿ ನಿಲ್ಲೋದಿಲ್ಲ” ಎನ್ನುತ್ತಿದ್ದರು. ಹಸು ಕರು ಹಾಕಿದರೆ ಕರುವಿನ ಮೂಗು ಮುಟ್ಟಿ ನೋಡಿ ನಿಟ್ಟುಸಿರು ಬಿಡುತ್ತಿದ್ದರು. ನನಗಿಂತ ಎಂಟು ವರ್ಷ ದೊಡ್ಡವಳಾದ ಅಕ್ಕ ಅದಕ್ಕೆ ಪೂರ್ತಿ ವಿರುದ್ಧ. ಒಲೆಯ ಮೇಲಿನ ಸಾರು ಚೆಲ್ಲಿಹೋದರೂ, “ಮಜ್ಜಿಗೆ ಊಟ ಮಾಡಿದ್ರಾಯ್ತು, ಹೊಟ್ಟೆಗೆ ತಂಪು” ಎಂದು ನಗುತ್ತಿದ್ದಳು.

ತಿತಿಮತಿಯ ಹತ್ತಿರ, ಕಾಡಿಗೆ ತಾಗಿದಂತೆ ನಮ್ಮ ಗದ್ದೆಗಳಿದ್ದವು. ವರ್ಷದ ಅನ್ನವೆಲ್ಲ ಅಲ್ಲಿಂದಲೇ ಬರಬೇಕು. ಆ ಮಳೆಗಾಲದ ಒಂದು ಬೆಳಿಗ್ಗೆ ನಮ್ಮ ನಾಟಿಯ ಸರದಿ. ಆಗ ನಾಟಿಗೆ ಮುಯ್ಯಾಳು ಇತ್ತು. ಇವತ್ತು ಅಕ್ಕಪಕ್ಕದ ಮನೆಯವರೆಲ್ಲ ನಮ್ಮ ಗದ್ದೆಗೆ, ನಾಳೆ ನಾವು ಅವರ ಗದ್ದೆಗೆ. ಅಮ್ಮ ಕತ್ತಲಿರುವಾಗಲೇ ಎದ್ದು ಹನ್ನೆರಡು ಜನಕ್ಕೆ ಅಕ್ಕಿ ರೊಟ್ಟಿ ತಟ್ಟುತ್ತಿದ್ದಳು. ಎಳೆ ಬಿದಿರಿನ ಕಣಿಲೆ ಪಲ್ಯದ ವಾಸನೆ ಅಂಗಳದವರೆಗೂ ಬರುತ್ತಿತ್ತು.

ಅಪ್ಪ, ಅಕ್ಕ, ನಾನು ಮೂವರೂ ಮಳೆಗೆ ಕಂಬಳಿ ಕೊಪ್ಪೆ ಹಾಕಿಕೊಂಡು ಸಸಿ ಕೀಳಲು ಹೋದೆವು. ಗದ್ದೆಯ ಏರಿ ಹತ್ತಿದ ಅಪ್ಪ ಅಲ್ಲೇ ನಿಂತುಬಿಟ್ಟರು. ಸಸಿಮಡಿಯ ನಡುವೆ ಆನೆಗಳು ನಡೆದುಹೋಗಿದ್ದವು. ಮೊರದಷ್ಟು ಅಗಲದ ಹೆಜ್ಜೆಗಳ ತುಂಬ ಕೆಸರು ನೀರು. ನಿನ್ನೆ ಸಂಜೆ ಗಿಳಿಯ ಹಸಿರು ಬಣ್ಣದಲ್ಲಿ ಅಲೆಯಾಡುತ್ತಿದ್ದ ಸಸಿಗಳು ಕೆಸರಿನೊಳಗೆ ಮಲಗಿದ್ದವು.

“ಮುಗೀತು,” ಅಂದರು ಅಪ್ಪ. ಏರಿಯ ಮೇಲೆ ಕುಳಿತರು. “ನಾಟಿಗೆ ಬರೋದು ಬೇಡ ಅಂತ ಎಲ್ಲರಿಗೂ ಹೇಳಿ ಬನ್ನಿ.”

ಇವತ್ತಿನ ಸರದಿ ತಪ್ಪಿದರೆ ಮುಂದಿನದು ಹತ್ತು ದಿನ ಬಿಟ್ಟು. ಅಷ್ಟರಲ್ಲಿ ಉಳಿದ ಸಸಿಯೂ ನೆಡಲು ಬಾರದಷ್ಟು ಬಲಿತುಹೋಗುತ್ತದೆ. ಅದು ನನಗೂ ಗೊತ್ತಿತ್ತು.

ಅಕ್ಕ ಸೀರೆ ಎತ್ತಿ ಕಟ್ಟಿ ಕೆಸರಿಗಿಳಿದಳು. ಒಂದು ಹೆಜ್ಜೆಯೊಳಗೆ ಮೊಣಕೈವರೆಗೆ ಕೈ ಹಾಕಿ ಒಂದು ಸಸಿ ತೆಗೆದಳು. ತೋಡಿನ ನೀರಿನಲ್ಲಿ ಅಲುಗಾಡಿಸಿ ಅಪ್ಪನ ಮುಂದೆ ಹಿಡಿದಳು. ಬೇರು ಬೆಳ್ಳಗೆ, ಗಟ್ಟಿಯಾಗಿತ್ತು.

“ಕೆಸರು ಮೆತ್ತಗಿತ್ತು ಅಪ್ಪ. ಬಗ್ಗಿದೆ ಅಷ್ಟೆ, ಸತ್ತಿಲ್ಲ.”

“ಎಷ್ಟು ಸಿಗ್ತದೆ ಹಾಗೆ ಹುಡುಕಿದ್ರೆ? ಅರ್ಧ ಗದ್ದೆಗೂ ಸಾಲೋದಿಲ್ಲ.”

“ಅರ್ಧ ಗದ್ದೆ ನೆಡುವ. ಇಡೀ ಗದ್ದೆ ಖಾಲಿ ಬಿಡೋದಕ್ಕಿಂತ ಅದು ಆಗಬಹುದಲ್ಲ?”

ಅಪ್ಪ ಏರಿಯ ಮೇಲಿಂದ ಏಳಲಿಲ್ಲ. ಅಕ್ಕ ಕಿತ್ತಳು, ನಾನು ತೊಳೆದೆ. ಬಗ್ಗಿದ ಸಸಿಯನ್ನು ಮುರಿಯದಂತೆ ತೊಳೆಯುವುದು ಸುಲಭವಲ್ಲ. ಬೆರಳು ಸುಕ್ಕುಗಟ್ಟಿ ಬೆಳ್ಳಗಾದವು. ಕಾಲಿಗೆ ಜಿಗಣೆ ಹತ್ತಿದ್ದನ್ನು ರಕ್ತ ಕಂಡ ಮೇಲೆಯೇ ನೋಡಿದೆ. ಮುಯ್ಯಾಳಿನ ಹೆಂಗಸರು ಬಂದರು. ನೋಡಿ, ಅವರೂ ಸೀರೆ ಎತ್ತಿ ಕಟ್ಟಿ ಹೆಜ್ಜೆಗಳೊಳಗೆ ಕೈ ಹಾಕಿದರು.

ಮಧ್ಯಾಹ್ನ ಊಟದ ಹೊತ್ತಿಗೆ ಮೇಲಿನ ಗದ್ದೆಗಳೆಲ್ಲ ನೆಟ್ಟು ಮುಗಿದಿತ್ತು. ಕೆಳಗಿನ ಒಂದು ಗದ್ದೆ ಮಾತ್ರ ಉಳಿದಿತ್ತು, ಸಸಿ ಒಂದೂ ಇರಲಿಲ್ಲ. ಅಕ್ಕ ಖಾಲಿ ಮಡಿಯನ್ನು ನೋಡುತ್ತ ನಿಂತಳು. ಅವಳ ಮುಖ ಬಾಡಿದ್ದನ್ನು ನಾನು ಕಂಡದ್ದು ಅದೇ ಮೊದಲು.

ಆಗ ಅಪ್ಪ ಎದ್ದರು. ತೋಟದ ದಾರಿ ಹಿಡಿದು ಮರೆಯಾದರು. ತಿರುಗಿ ಬಂದಾಗ ಅವರ ತಲೆಯ ಮೇಲೆ ಸಸಿಯ ದೊಡ್ಡ ಹೊರೆ, ಅದರಿಂದ ನೀರು ಭುಜದ ಮೇಲೆ ಸುರಿಯುತ್ತಿತ್ತು.

“ಎಲ್ಲಿಂದ ಬಂತಪ್ಪ ಇದು?” ಅಕ್ಕ ಕೇಳಿದಳು.

“ತೋಟದ ಆಚೆ, ಒರತೆ ಹತ್ತಿರ ಒಂದಷ್ಟು ಬಿತ್ತಿದ್ದೆ. ಹೇಗೂ ಆನೆ ಬಂದೇ ಬರ್ತದೆ ಅಂತ ನಂಗೆ ಗೊತ್ತಿತ್ತು.”

“ಮತ್ತೆ ಬೆಳಿಗ್ಗೆ ಯಾಕೆ ಹೇಳಲಿಲ್ಲ?”

“ಇದು ಒಂದು ಗದ್ದೆಗೆ ಮಾತ್ರ ಬರೋದು. ಒಂದು ಗದ್ದೆ ಇಟ್ಕೊಂಡು ಎಂತ ಮಾಡೋದು ಅಂತ ಕೂತಿದ್ದೆ. ಬಿತ್ತುವಾಗ ಹೇಳಿದ್ರೆ ನೀವೆಲ್ಲ ನಗ್ತಿದ್ರಿ.”

ನಿಜ, ನಗುತ್ತಿದ್ದೆವು. ಅಂದು ಮಾತ್ರ ಯಾರೂ ನಗಲಿಲ್ಲ. ಅಕ್ಕ ಹೋಗಿ ಹೊರೆ ಇಳಿಸಲು ಕೈಜೋಡಿಸಿದಳು. ಕತ್ತಲಾಗುವ ಮೊದಲು ಕೊನೆಯ ಸಾಲು ಮುಗಿಯಿತು. ಅಪ್ಪನೂ ಅಕ್ಕನೂ ಆ ಸಾಲಿನಲ್ಲಿ ಅಕ್ಕಪಕ್ಕ ಬಗ್ಗಿ ನೆಡುತ್ತಿದ್ದುದನ್ನು ಏರಿಯ ಮೇಲಿಂದ ನೋಡುತ್ತ, ಇವರಿಬ್ಬರೂ ನಮ್ಮವರು ಎಂದು ನನಗೆ ಎದೆ ಉಬ್ಬಿತು. ಆ ವರ್ಷ ಪೈರು ಒಂದು ಎತ್ತರ, ಒಂದು ಗಿಡ್ಡ ಬೆಳೆಯಿತು. ಅಪ್ಪ ಅದಕ್ಕೂ ತಲೆ ಅಲ್ಲಾಡಿಸಿದರು. ಆದರೆ ಮುಂದಿನ ಮಳೆಗಾಲದವರೆಗೆ ನಾವು ನಮ್ಮ ಗದ್ದೆಯ ಅನ್ನವನ್ನೇ ಉಂಡೆವು.

ಮೊಮ್ಮಕ್ಕಳೇ, ಈಗ ಆನೆ ಹತ್ತಿರ ಬಂದರೆ ನಿಮ್ಮ ಅಪ್ಪನ ಫೋನಿಗೆ ಸಂದೇಶ ಬರುತ್ತದೆ. ಸಸಿ ಬೆಳೆಯುವುದು ಪ್ಲಾಸ್ಟಿಕ್ ಟ್ರೇಯಲ್ಲಿ, ನೆಡುವುದು ಯಂತ್ರ. ಜಿಗಣೆ ಕಂಡರೆ ನೀವು ಮನೆ ಹಾರಿಹೋಗುವಂತೆ ಕೂಗುತ್ತೀರಿ. ಕಳೆದ ಭಾನುವಾರ ಪೊನ್ನಂಪೇಟೆಯಲ್ಲಿ ನಿಮ್ಮ ಹಾಕಿ ಆಟವಿತ್ತಲ್ಲ, ಅಂದು ಬೆಳಿಗ್ಗೆ ನಿಮ್ಮಲ್ಲಿ ಚಿಕ್ಕವನು ಫೋನ್ ನೋಡಿ, “ಮಳೆ ಬರ್ತದೆ, ಆಟ ನಡೆಯೋದಿಲ್ಲ” ಎಂದು ಸೋಫಾದ ಮೇಲೆ ಬಿದ್ದುಕೊಂಡ. ದೊಡ್ಡವಳು ಬೂಟಿನ ದಾರ ಕಟ್ಟುತ್ತಿದ್ದಳು. ಕೊನೆಗೆ ಇಬ್ಬರೂ ಹೊರಟಿರಿ. ಅವಳ ಕೈಯಲ್ಲಿ ಎರಡು ಹಾಕಿ ಸ್ಟಿಕ್ಕು, ಅವನ ಕೈಯಲ್ಲಿ ಎರಡು ಕೊಡೆ. ಗೇಟು ದಾಟುವವರೆಗೂ ನಾನು ನಿಮ್ಮನ್ನೇ ನೋಡುತ್ತ ನಿಂತಿದ್ದೆ.