ಒಡೆದ ರೊಟ್ಟಿಯ ಚೂರುಗಳು

ಅಕ್ಕನ ಬಲಗಾಲಿನ ಗಾಯವನ್ನು ಮೊದಲು ನೋಡಿದವರು ಯಾರು ಎಂಬ ಬಗ್ಗೆ ನಮ್ಮಲ್ಲಿ ಇವತ್ತಿಗೂ ಒಮ್ಮತವಿಲ್ಲ. ಚಾದರದ ಮೇಲಿನ ಕಲೆ ಕಂಡು ತಾವೇ ಕೇಳಿದ್ದು ಎನ್ನುತ್ತಾರೆ ಮಾಮಾ, ಅಂದರೆ ಅಕ್ಕನ ಗಂಡ. ಬಾಗಿಲಲ್ಲಿ ಚಪ್ಪಲಿ ಬಿಡುವಾಗ ತನ್ನ ಕಣ್ಣಿಗೇ ಮೊದಲು ಬಿತ್ತು ಎನ್ನುತ್ತಾಳೆ ಪಕ್ಕದ ಮನೆಯ ಖಾಲಾ. ನಾನೇ ನೋಡಿದೆ ಎಂದು ನನ್ನ ಡೈರಿ ಹೇಳುತ್ತದೆ. ಆದರೆ ಆ ಪುಟವನ್ನು ನಾನು ಬರೆದದ್ದು ಗಾಯ ಕಂಡ ದಿನವಲ್ಲ, ಆಸ್ಪತ್ರೆಗೆ ಹೋಗಿ ಬಂದ ಮೇಲೆ. ಅಷ್ಟರಲ್ಲಿ ಎಲ್ಲರಿಗೂ ತಾವು ಎಚ್ಚರವಾಗಿದ್ದೆವು ಎಂದು ಅನ್ನಿಸಬೇಕಾಗಿತ್ತು, ನನಗೂ ಅನ್ನಿಸಿರಬೇಕು. ಅಕ್ಕನನ್ನು ಕೇಳಿದರೆ ನಗುತ್ತಾಳೆ.

“ಗಾಯ ನನ್ನ ಕಾಲಿಗಿತ್ತು, ಕಂಡಿದ್ದು ನಿಮಗ. ನನಗೇನೂ ಗೊತ್ತ ಇಲ್ಲ ಬೇ.”

ಅದು ತಮಾಷೆಯಲ್ಲ. ಅವಳ ಪಾದಗಳಿಗೆ ಸ್ಪರ್ಶ ತಿಳಿಯುವುದು ಎಂದೋ ನಿಂತಿತ್ತು. ಚಪ್ಪಲಿಯೊಳಗೆ ಹರಳು ಸೇರಿದ್ದು, ಅದು ದಿನವಿಡೀ ಹೆಬ್ಬೆರಳನ್ನು ಕೊರೆದದ್ದು, ಯಾವುದೂ ಅವಳಿಗೆ ಗೊತ್ತಾಗಿರಲಿಲ್ಲ. ಸಕ್ಕರೆ ಕಾಯಿಲೆ ಬಂದು ವರ್ಷಗಳಾಗಿದ್ದವು.

ನಮ್ಮ ತವರು ಅಫಜಲಪುರ ತಾಲ್ಲೂಕಿನ ಗೊಬ್ಬೂರ. ಅಕ್ಕನನ್ನು ಆಳಂದಕ್ಕೆ ಕೊಟ್ಟರು. ಮಾಮಾ ಭೂಸನೂರಿನ ಕಾರ್ಖಾನೆಗೆ ಕಬ್ಬು ಹೇರುವ ಟ್ರ್ಯಾಕ್ಟರ್ ಓಡಿಸುತ್ತಿದ್ದರು, ಅಕ್ಕ ಮನೆಯಲ್ಲಿ ಖಡಕ್ ರೊಟ್ಟಿ ಬಡಿದು ಖಾನಾವಳಿಗಳಿಗೂ ಮದುವೆ ಮನೆಗಳಿಗೂ ಕೊಡುತ್ತಿದ್ದಳು. ನಾನು ವಿಶ್ವವಿದ್ಯಾಲಯದಲ್ಲಿ ರಸಾಯನಶಾಸ್ತ್ರ ಓದಿ ಜೇವರ್ಗಿಯ ಕಾಲೇಜೊಂದರಲ್ಲಿ ಪಾಠ ಮಾಡುತ್ತೇನೆ. ಅವಳ ರೊಟ್ಟಿ ಎಷ್ಟು ತೆಳ್ಳಗಿರುತ್ತಿತ್ತೆಂದರೆ, ಬೆಳಕಿಗೆ ಹಿಡಿದರೆ ಬೆರಳಿನ ನೆರಳು ಕಾಣುತ್ತಿತ್ತು ಎಂದು ಬರೆಯಲು ಹೊರಟೆ. ನಿಜವಾಗಿ ಹಾಗೆ ಹಿಡಿದು ನೋಡಿದ್ದೇನೆಯೇ? ಇಲ್ಲ. ತೆಳ್ಳಗಿತ್ತು, ಅಷ್ಟೇ.

ಕಲಬುರಗಿಯ ಆಸ್ಪತ್ರೆಯಲ್ಲಿ ಡಾಕ್ಟರು ಗಾಯ ತೊಳೆಸಿ, ರಕ್ತದ ಚೀಟಿ ನೋಡಿ, ಕುರ್ಚಿಯನ್ನು ಅವಳ ಕಡೆಗೆ ಎಳೆದುಕೊಂಡು ಕೂತರು.

“ಅನ್ನ ಉಣ್ತೀರೇನ್ರಿ ಅವ್ವಾರ?”

“ಬಿಟ್ಟೇನ್ರಿ. ಸಕ್ರಿ ಬಿಟ್ಟೇನಿ, ಬಾಳಿಹಣ್ಣ ಬಿಟ್ಟೇನಿ, ಚಾ ಸೈತ ಸಪ್ಪನ್ನದ ಕುಡೀತೇನ್ರಿ.”

“ರೊಟ್ಟಿ?”

“ಮುಂಜಾನಿ ಎರಡು, ರಾತ್ರಿಗೆ ಎರಡ್ರಿ.”

ಮಾಮಾ ನಡುವೆ ಬಾಯಿ ಹಾಕಿದರು. “ಜ್ವಾಳದ ರೊಟ್ಟಿಗಿ ಶುಗರ್ ಏರಂಗಿಲ್ಲಲ್ರಿ ಸಾಹೇಬ್ರ? ಎಲ್ಲಾರೂ ಹಂಗ ಅಂತಾರ.”

“ಅನ್ನದಕಿಂತ ನಿಧಾನ ಏರ್ತದ. ಏರೋದಂತೂ ಏರ್ತದ. ಇವರ ಮೈಗಿ ಈಗ ಅಷ್ಟ ಸಕ್ರಿ ತಡಿಯೋ ಶಕ್ತಿ ಇಲ್ಲ.” ಡಾಕ್ಟರು ಅವಳ ಕಾಲು ತೋರಿಸಿದರು. “ಬೆರಳು ಉಳಿಯೋದು ಕಷ್ಟ ಅದರಿ. ಸಕ್ರಿ ಇಳಿದ್ರ ಪಾದ ಉಳಿಸಬಹುದು. ಅದನ್ನ ನಾ ಒಬ್ಬನ ಮಾಡಾಕ ಬರಂಗಿಲ್ಲ.”

ಮುಂಜಾನೆ ಒಂದು ರೊಟ್ಟಿ, ರಾತ್ರಿ ಅದೂ ಇಲ್ಲ. ಹೊಟ್ಟೆ ತುಂಬಿಸಲು ಪಲ್ಯ, ಕಾಳು, ಮೊಸರು, ಶೇಂಗಾ. ಊಟ ಬದಲಾದಂತೆ ಗುಳಿಗೆಯೂ ಬದಲಾಗಬೇಕಾಗುತ್ತದೆ, ಆದ್ದರಿಂದ ಕೇಳದೆ ಏನನ್ನೂ ಬಿಡಬೇಡಿ, ಸುಸ್ತೋ ನಡುಕವೋ ಬಂದರೆ ಕೂಡಲೇ ಫೋನು ಮಾಡಿ ಎಂದರು. ಬಸ್ಸಿನಲ್ಲಿ ಬರುವಾಗ ನಾನು ಅಕ್ಕನಿಗೆ ನನ್ನ ಪಾಠ ಶುರು ಮಾಡಿದೆ. ಪಿಷ್ಟ ಎಂದರೆ ಸಕ್ಕರೆಯ ಕಣಗಳನ್ನು ಪೋಣಿಸಿದ ಸರ, ಹೊಟ್ಟೆಯಲ್ಲಿ ಆ ದಾರ ಕಡಿಯುತ್ತದೆ, ನಾಲಿಗೆಗೆ ಸಿಹಿ ಅನ್ನಿಸದಿದ್ದರೂ ರಕ್ತಕ್ಕೆ ಸೇರುವುದು ಸಕ್ಕರೆಯೇ ಎಂದೆ. ಅವಳು ಕಿಟಕಿಯ ಹೊರಗೆ ನೋಡುತ್ತಾ ಕೇಳಿಸಿಕೊಂಡಳು.

“ಹಂಗಂದ್ರ ನಾ ಇಷ್ಟ್ ವರ್ಷ ಸಕ್ರೀನ ಬಡದೇನಿ ಅನ್ನು.”

ಮಾಮಾ ನಕ್ಕರು. ನಾನೂ ನಕ್ಕೆ. ಅವಳು ನಕ್ಕಳೋ ಇಲ್ಲವೋ ನೆನಪಿಲ್ಲ.

ಮನೆಯ ಅಡುಗೆ ಬದಲಾಯಿತು. ಪುಂಡಿಸೊಪ್ಪಿನ ಪಲ್ಯಕ್ಕೆ ಜೋಳದ ನುಚ್ಚು ಹಾಕುವುದನ್ನು ಅವಳು ನಿಲ್ಲಿಸಿದಳು. ನುಚ್ಚಿಲ್ಲದ ಪುಂಡಿ ಹಲ್ಲು ಚುಳ್ಳೆನ್ನುವಷ್ಟು ಹುಳಿ. ಬದನೆಕಾಯಿ, ಮೆಂತೆ, ಹೆಸರುಕಾಳಿನ ಉಸಳಿ, ಒಂದು ವಾಟಗಾ ಕೆನೆಮೊಸರು. ಖಾಲಾ ಅಕ್ಕನ ಜೊತೆ ಕೂತು ರೊಟ್ಟಿ ಕಟ್ಟುವವಳು. ಅವಳಿಗೆ ಈ ಊಟ ನೋಡಿ ಕನಿಕರ.

“ದಿನಾ ಎರಡು ತತ್ತಿ ತಿಂದ್ರ ಹೊಟ್ಟಿ ನಿಲ್ತದ. ನಮ್ಮನಿಗಿ ಬಾ, ಕುದಿಸಿ ಕೊಡ್ತೇನಿ. ನಿಮ್ ದೇವ್ರಿಗಿ ನಾ ಹೇಳಂಗಿಲ್ಲ.”

“ದೇವ್ರು ಕೊಳ್ಳಾಗ ಅದಾನ ಖಾಲಾ,” ಅಕ್ಕ ಎದೆಯ ಮೇಲಿನ ಲಿಂಗ ಮುಟ್ಟಿಕೊಂಡಳು. “ಅವನ್ನ ಬಿಟ್ಟು ನಿಮ್ಮನಿಗಿ ಹೆಂಗ್ ಬರ್ಲಿ?”

ಬೆರಳು ಹೋಯಿತು. ಅದನ್ನು ನಾವು ನಿರೀಕ್ಷಿಸಿದ್ದೆವು. ನಿರೀಕ್ಷಿಸದೇ ಇದ್ದದ್ದು ಸಕ್ಕರೆ ಇಳಿಯದೇ ಇರುವುದು. ಪ್ರತಿ ಸಲ ಹೋದಾಗಲೂ ಚೀಟಿಯಲ್ಲಿ ಅದೇ ಸ್ಥಿತಿ. ಡಾಕ್ಟರು ಗುಳಿಗೆ ಹೆಚ್ಚಿಸಿದರು. ರೊಟ್ಟಿ ಒಂದೇ ತಾನೆ ಎಂದು ಮತ್ತೆ ಕೇಳಿದರು. ಒಂದೇ ಎಂದಳು. ಮಾಮಾ ಸಾಕ್ಷಿ, ಖಾಲಾ ಸಾಕ್ಷಿ. ಗಾಯದ ಬಾಯಿ ಕೂಡದೆ ಹಾಗೇ ಹಸಿಯಾಗಿತ್ತು. ಆಮೇಲೆ ಮಾಮಾ ಬೆಲ್ಲದ ಡಬ್ಬಿಯನ್ನು ಅಟ್ಟದ ಮೇಲೆ, ಅವಳ ಕೈಗೆ ಸಿಗದ ಕಡೆ ಇಟ್ಟರು. ನನಗೆ ಫೋನು ಮಾಡಿ, “ನಿಮ್ಮಕ್ಕ ಕದ್ದು ಏನೋ ತಿಂತಾಳ, ನೀನರ ಕೇಳು” ಎಂದರು. ಅವರ ದನಿಯಲ್ಲಿ ಸಿಟ್ಟಿಗಿಂತ ಹೆದರಿಕೆ ಹೆಚ್ಚಿತ್ತು ಎಂದು ಈಗ ಅನ್ನಿಸುತ್ತದೆ. ಆಗ ನನಗೆ ಕೇಳಿಸಿದ್ದು ಸಿಟ್ಟು.

ಎಳ್ಳ ಅಮಾವಾಸ್ಯೆಗೆ ಎಲ್ಲರೂ ಗೊಬ್ಬೂರದ ಹೊಲದಲ್ಲಿ ಸೇರಿದೆವು. ಭೂತಾಯಿಗೆ ನೈವೇದ್ಯವಾಗಿ ಹೊಲದ ತುಂಬ ಚರಗ ಚೆಲ್ಲಿ ಬಂದು ಸಾಲಾಗಿ ಊಟಕ್ಕೆ ಕೂತಾಗ, ತಾಟುಗಳಲ್ಲಿ ಸಜ್ಜೆ ರೊಟ್ಟಿ, ಕಡಬು, ಕಾಳು ಸೊಪ್ಪು ಎಲ್ಲ ಸೇರಿಸಿ ಕುದಿಸಿದ ಭಜ್ಜಿ. ಅಕ್ಕ ಬಟ್ಟಲಲ್ಲಿ ಬರೀ ಭಜ್ಜಿ ಹಾಕಿಕೊಂಡು ಚಮಚದಿಂದ ತಿನ್ನುತ್ತಿದ್ದಳು. ನಮ್ಮ ದೊಡ್ಡಮ್ಮ ಅದನ್ನು ನೋಡಿದಳು.

“ಏನ ಬೇ ಅದು, ಚಮಚಾ ಹಿಡದು? ಕೂಸಿಗಿ ಉಣ್ಣಿಸಿದಂಗ?”

“ಡಾಕ್ಟರ್ ಹೇಳ್ಯಾರ ದೊಡ್ಡವ್ವಾ.”

“ರೊಟ್ಟಿ ಇಲ್ಲದ ಊಟ ಊಟೇನು? ಮೈಯಾಗ ಕಸುವು ಎಲ್ಲಿಂದ ಬರಬೇಕು? ಗಾಯ ಅದಕ್ಕ ಮಾಯವಲ್ದು.” ಒಂದು ಕಡಬು ಮುರಿದು ಬಟ್ಟಲಿಗೆ ಹಾಕಲು ಬಂದಳು. ಅಕ್ಕ ಬಟ್ಟಲ ಮೇಲೆ ಅಂಗೈ ಮುಚ್ಚಿದಳು. ಸುತ್ತಲಿನ ಹೆಂಗಸರು ನಕ್ಕರು. ಅವಳ ಕೈ ಬಟ್ಟಲ ಮೇಲೆ ಇನ್ನೂ ಸ್ವಲ್ಪ ಹೊತ್ತು ಹಾಗೇ ಇತ್ತು. ಈ ಕೈಯನ್ನು ನಾನು ಖಂಡಿತ ನೋಡಿದ್ದೇನೆ. ಇದರ ಬಗ್ಗೆ ನನಗೆ ಅನುಮಾನವಿಲ್ಲ. ಹೀಗೆ ಮುಚ್ಚುವವಳು ಕದ್ದು ತಿನ್ನುತ್ತಾಳೆ ಎಂದು ನಂಬಲಾಗಲಿಲ್ಲ.

ಮರುದಿನ ಅವಳ ಜೊತೆ ಆಳಂದಕ್ಕೆ ಹೋದೆ. ಮಾರನೆಯ ಮುಂಜಾನೆ ಎದ್ದು ಬರುವಾಗ ರೊಟ್ಟಿ ಬಡಿಯುವ ಸದ್ದು ಕೇಳುತ್ತಿತ್ತು. ಅವಳು ಕಾಲಿನ ಕಟ್ಟನ್ನು ಪ್ಲಾಸ್ಟಿಕ್ಕಿನಿಂದ ಮುಚ್ಚಿ, ಕಾಲು ಚಾಚಿ ಕೂತು, ಅಗಲವಾದ ಪರಾತದ ತಟ್ಟೆಯ ಮೇಲೆ ಬಡಿಯುತ್ತಿದ್ದಳು. ಖಾಲಾ ಹಂಚಿನ ಬದಿಯಲ್ಲಿ ಒಣಗಿದ ರೊಟ್ಟಿಗಳನ್ನು ಜೋಡಿಸಿ ಕಟ್ಟುತ್ತಿದ್ದಳು. ಖಡಕ್ ರೊಟ್ಟಿ ಗರಿಗರಿಯಾದ ಮೇಲೆ ಎತ್ತುವಾಗ, ಜೋಡಿಸುವಾಗ, ಅಂಚು ಮುರಿಯುತ್ತದೆ. ಕೆಲವು ಪೂರ್ತಿ ಒಡೆಯುತ್ತವೆ. ಒಡೆದದ್ದನ್ನು ಯಾರೂ ಕೊಳ್ಳುವುದಿಲ್ಲ. ಅವೆಲ್ಲ ಅಕ್ಕನ ಮಗ್ಗುಲಿನ ಬುಟ್ಟಿಗೆ ಬೀಳುತ್ತಿದ್ದವು. ಒಂದು ರೊಟ್ಟಿ ಹಂಚಿಗೆ ಹಾಕಿ, ಅದು ಬೇಯುವ ತನಕ, ಅವಳ ಕೈ ತಾನಾಗಿ ಬುಟ್ಟಿಗೆ ಹೋಗಿ ಬಾಯಿಗೆ ಬರುತ್ತಿತ್ತು. ನೋಡದೆ, ಖಾಲಾ ಜೊತೆ ಮಾತಾಡುತ್ತಲೇ.

“ಅಕ್ಕಾ, ಏನ್ ತಿನ್ನಾಕತ್ತೀದಿ?”

“ಎಲ್ಲಿ?”

“ಬಾಯಾಗ.”

ಅವಳು ಅಗಿಯುವುದನ್ನು ನಿಲ್ಲಿಸಿದಳು. “ಚೂರು.”

“ರೊಟ್ಟಿ ಒಂದ ತಿಂತೇನಿ ಅಂದಿ.”

“ಒಂದ ತಿನ್ನೋದು. ಇದು ರೊಟ್ಟಿ ಏನ್ ಬೇ? ಚೂರು. ಒಣಗಿ ಕಟಕ ಆಗ್ಯಾವ. ಇದ್ರಾಗ ಏನಿರ್ತದ?”

ಅವಳು ಸುಳ್ಳು ಹೇಳುತ್ತಿರಲಿಲ್ಲ. ಖಾಲಾ ಕೂಡ ನನ್ನ ಮುಖವನ್ನೇ ನೋಡುತ್ತಿದ್ದಳು, ಇದರಲ್ಲಿ ಕೇಳುವುದೇನಿದೆ ಎಂಬಂತೆ. ನಮ್ಮಲ್ಲಿ ರೊಟ್ಟಿ ಎಂದರೆ ತಾಟಿನಲ್ಲಿ ಇಡುವಂಥದ್ದು, ದುಂಡಗಿನದ್ದು, ಬೇರೆಯವರು ಎಣಿಸಿ ಬಡಿಸುವಂಥದ್ದು. ಒಡೆದದ್ದು ಚೆಲ್ಲಬಾರದು, ಅದಕ್ಕೆ ಒಲೆಯ ಮುಂದೆ ಕೂತವಳು ಬಾಯಿಗೆ ಹಾಕಿಕೊಳ್ಳುತ್ತಾಳೆ. ಅದು ಊಟವಲ್ಲ, ಕೆಲಸದ ಭಾಗ, ಹಿಟ್ಟು ಬಳಿದು ಪರಾತ ತೊಳೆದಂತೆ. ನಮ್ಮವ್ವನೂ ಹೀಗೇ ಮಾಡುತ್ತಿದ್ದಳು. ಅವಳಿಗೂ ಸಕ್ಕರೆ ಕಾಯಿಲೆಯಿತ್ತು. ಅವಳೂ ಡಾಕ್ಟರಿಗೆ ಒಂದೇ ರೊಟ್ಟಿ ಎಂದು ಹೇಳುತ್ತಿದ್ದಳೇ? ಹೇಳುತ್ತಿದ್ದಳು ಎಂದು ನನಗೀಗ ಸ್ಪಷ್ಟವಾಗಿ ಕೇಳಿಸುತ್ತದೆ. ಆದರೆ ಅವ್ವನ ಜೊತೆ ನಾನು ಆಸ್ಪತ್ರೆಗೆ ಹೋದದ್ದೇ ಇಲ್ಲ.

ದಿನಾ ಹೀಗೇ ಖಾಲಿಯಾಗುವ ಆ ಬುಟ್ಟಿಯ ಚೂರುಗಳನ್ನು ನಾನು ತಾಟಿಗೆ ಸುರಿದು, ಹೊಂದಿಸಿ ಹೊಂದಿಸಿ ರೊಟ್ಟಿಯ ಆಕಾರಕ್ಕೆ ಇಟ್ಟೆ. ಒಂದು ತಾಟು ತುಂಬಿತು. ಇನ್ನೊಂದು ತಾಟು ತೆಗೆದುಕೊಂಡೆ. ಖಾಲಾ, “ಯಾ ಅಲ್ಲಾ” ಎಂದಳು. ಅಕ್ಕ ಬಹಳ ಹೊತ್ತು ತಾಟುಗಳನ್ನು ನೋಡಿದಳು. ಹಂಚಿನ ಮೇಲಿನ ರೊಟ್ಟಿ ಸುಟ್ಟ ವಾಸನೆ ಬಂತು.

“ಮಾಮಾಗ ಹೇಳ್ಬ್ಯಾಡ,” ಎಂದಳು. ಆಮೇಲೆ, “ಇಲ್ಲ, ಹೇಳು. ಬೆಲ್ಲ ಕದ್ದಿಲ್ಲಂತ ಆದ್ರೂ ಗೊತ್ತಾಗ್ಲಿ.”

ಬುಟ್ಟಿ ಬದಿಗಿಟ್ಟು ಬಡಿಯಲು ನೋಡಿದಳು. ಆಗಲಿಲ್ಲ. ಕೈ ಅಭ್ಯಾಸದಿಂದ ಹುಡುಕುತ್ತಿತ್ತು. ಬುಟ್ಟಿ ಇಲ್ಲದಿದ್ದರೆ ಜೋಡಿಸಿಟ್ಟ ರೊಟ್ಟಿಗಳ ಕಟ್ಟಿನಿಂದಲೇ ಅಂಚು ಮುರಿಯುತ್ತಿತ್ತು. ಕೆಲವು ದಿನ ಬಾಯಿಗೆ ಲವಂಗ ಹಾಕಿಕೊಂಡಳು, ಕೆಲವು ದಿನ ಸೆರಗನ್ನು ಬಾಯಿಗೆ ಸುತ್ತಿಕೊಂಡಳು. ಕೊನೆಗೆ ಒಂದು ಮುಂಜಾನೆ ಹಂಚು, ಪರಾತ ಎರಡನ್ನೂ ಖಾಲಾ ಮನೆಗೆ ಕೊಟ್ಟು ಬಂದಳಂತೆ. ತಿನ್ನುವುದನ್ನು ಬಿಡಲು ಅವಳಿಗೆ ಕಂಡ ದಾರಿ ಬಡಿಯುವುದನ್ನು ಬಿಡುವುದು. ಊಟದ ಬಗ್ಗೆ ಅಷ್ಟೆಲ್ಲ ತಿಳಿಸಿ ಹೇಳಿದ ನಾನು, ಈ ಬೆಲೆಯ ಬಗ್ಗೆ ಯೋಚಿಸಿರಲಿಲ್ಲ.

ಚೂರು ನಿಂತ ಕೆಲವೇ ದಿನಗಳಲ್ಲಿ ಅವಳಿಗೆ ಮೈ ಬೆವರಿ ಕೈ ನಡುಗಿತು. ಮಾಮಾ ಹೆದರಿ ಅಟ್ಟದ ಮೇಲಿನ ಬೆಲ್ಲ ತೆಗೆದು ತಾವೇ ಅವಳ ಬಾಯಿಗಿಟ್ಟರು. ಡಾಕ್ಟರು ಫೋನಿನಲ್ಲೇ ಗುಳಿಗೆ ಇಳಿಸಿದರು. ಹೊಟ್ಟೆಗೆ ಪಿಷ್ಟ ಕಡಿಮೆಯಾಗಿ ಗುಳಿಗೆ ಮಾತ್ರ ಹಳೆಯಷ್ಟೇ ಉಳಿದರೆ ಹೀಗಾಗುತ್ತದೆ ಎಂದರು. ಅಲ್ಲಿಂದ ಸಕ್ಕರೆ ಇಳಿಯುತ್ತಾ ಬಂತು. ನಾವು ಪಾದ ಉಳಿಯಿತು ಎಂದುಕೊಂಡೆವು. ಅಕ್ಕ ಹೊಸ ಚಪ್ಪಲಿ ತರಿಸಿದಳು, ಮೆತ್ತಗಿನದು, ಮುಂದೆ ಮುಚ್ಚಿದ್ದು.

ಆದರೆ ಪಾದಕ್ಕೆ ರಕ್ತ ಹೋಗುವ ದಾರಿ ಅದಾಗಲೇ ಮುಚ್ಚಿತ್ತು. ಬೇಸಿಗೆಯಲ್ಲಿ ಪಾದ ಕೊಳೆತು ಕಪ್ಪಾಯಿತು, ಆ ಕಪ್ಪು ಮೇಲಕ್ಕೆ ಹತ್ತಿತು. ಕಾಲನ್ನು ಮೊಣಕಾಲ ಕೆಳಗೆ ಕತ್ತರಿಸಿ ತೆಗೆದರು.

ಚೂರುಗಳನ್ನು ಮೊದಲೇ ನೋಡಿದ್ದರೆ ಎಂದು ನಾನು ಡಾಕ್ಟರನ್ನು ಕೇಳಿದೆ. ಹೇಳಲಾಗದು ಎಂದರು, ವರ್ಷಗಳ ಕಾಯಿಲೆ ಅದು, ಆ ಕೆಲವು ತಿಂಗಳು ಎಷ್ಟು ಕೆಡಿಸಿದವೋ ಯಾರು ಅಳೆಯುತ್ತಾರೆ ಎಂದರು. ಅವರು ಸಮಾಧಾನಕ್ಕೆ ಹೇಳಿದ್ದೋ, ನಿಜವನ್ನೇ ಹೇಳಿದ್ದೋ ತಿಳಿಯದು. ಎಲ್ಲ ಹೊಣೆಯನ್ನೂ ಆ ಬುಟ್ಟಿಯ ಮೇಲೆ ಹೊರಿಸಿದರೆ ನನಗೆ ಒಂದು ಕತೆ ಸಿಗುತ್ತದೆ. ಅದಕ್ಕೇ ಆ ಕತೆಯನ್ನು ನಾನು ಪೂರ್ತಿ ನಂಬುವುದಿಲ್ಲ.

ಹೊಲಿಗೆ ಬಿಚ್ಚುವ ದಿನ ಡಾಕ್ಟರು ಕಟ್ಟು ಬಿಚ್ಚಿ ನೋಡಿ ಸಂತೋಷಪಟ್ಟರು.

“ಭಾಳ ಚಂದ ಮಾಗ್ಯಾದ್ರಿ ಅವ್ವಾರ. ಸಕ್ರಿ ಹತೋಟ್ಯಾಗ ಇಟ್ಟೀರಿ, ಅದಕ್ಕ ಇಷ್ಟ ಲಗೂ ಕೂಡ್ಯಾದ.”

ಅಕ್ಕ ತಲೆಯಾಡಿಸಿದಳು. ಅವಳ ಊಟವನ್ನು ಯಾರಾದರೂ ಹೊಗಳಿದ್ದು ಅದೇ ಮೊದಲು. ಮಾಮಾ ಎದ್ದು ಹೊರಗೆ ಹೋದರು.

ಈಗಲೂ ಅವಳು ಹಾಗೇ ಉಣ್ಣುತ್ತಾಳೆ. ಇನ್ನೊಂದು ಕಾಲು ಉಳಿಯಬೇಕಲ್ಲ. ಮುಂಜಾನೆ ಗೋಡೆಯಾಚೆ ಖಾಲಾ ಬಡಿಯುವ ಸದ್ದು ಬರುತ್ತದೆ. “ಅಕೀದು ಕೈ ಭಾರ, ದಪ್ಪಾಗ್ತಾವ,” ಎನ್ನುತ್ತಾಳೆ ಅಕ್ಕ, ಹಾಸಿಗೆಯ ಮೇಲಿಂದಲೇ. ಹೋಗಿ ನೋಡಿ ಹೇಳುವುದಿಲ್ಲ. ಆ ಮನೆಯೊಳಗೆ ಅವಳು ಹೋಗುವುದನ್ನೇ ಬಿಟ್ಟಿದ್ದಾಳೆ.

ನಾನು ಹೋದಾಗ ಮಾತ್ರ ಖಾಲಾ ಮನೆಯಿಂದ ಖಡಕ್ ರೊಟ್ಟಿ ತರಿಸುತ್ತಾಳೆ. ಬೇಡವೆಂದರೆ ಕೇಳುವುದಿಲ್ಲ. ಎದುರಿಗೆ ಕೂತು, ಶೇಂಗಾ ಹಿಂಡಿಯ ಚಟ್ನಿಪುಡಿ, ಮೊಸರು ಬಡಿಸಿ, ನಾನು ಮುರಿಯುವುದನ್ನು ನೋಡುತ್ತಾಳೆ. ಎಷ್ಟು ಜೋಪಾನ ಮಾಡಿದರೂ ಚೂರು ಸಿಡಿಯುತ್ತವೆ, ತಾಟಿನ ಸುತ್ತ, ನನ್ನ ಮಡಿಲಲ್ಲಿ, ಅವಳ ಕಡೆಗೂ. ಊಟ ಮುಗಿದ ಮೇಲೆ ನಾನು ಬೆರಳು ಒದ್ದೆ ಮಾಡಿಕೊಂಡು ಒಂದೊಂದನ್ನೇ ಒತ್ತಿ ಎತ್ತಿ ತಿನ್ನುತ್ತೇನೆ. ತಾಟಿನದು, ನೆಲದ್ದು, ಎಲ್ಲ.

“ಏನ ಬೇ, ತಾಟ ನೆಕ್ಕಾಕತ್ತೀದಿ? ಜೇವರ್ಗ್ಯಾಗ ಉಣ್ಣಾಕ ಸಿಗಂಗಿಲ್ಲೇನು?”

“ಹಸಿವಿ ಆಗಿತ್ತಕ್ಕಾ.”

ಹಸಿವೆ ಎಂದೋ ತೀರಿರುತ್ತದೆ. ಅವಳಿಗೂ ಅದು ಗೊತ್ತು. ಹೋದ ಸಲ ಒಂದು ಚೂರು ಅವಳ ಸೀರೆಯ ನಿರಿಗೆಯಲ್ಲಿ, ಕಾಲು ಇಲ್ಲದ ಕಡೆ, ಬಿದ್ದಿತ್ತು. ನನಗೆ ಕಾಣಲಿಲ್ಲ. ಅವಳು ಅದನ್ನು ಎರಡು ಬೆರಳಲ್ಲಿ ಎತ್ತಿದಳು, ಒಂದು ಕ್ಷಣ ಹಿಡಿದಳು, ಆಮೇಲೆ ಕೈ ಚಾಚಿ ನನ್ನ ತಾಟಿಗೆ ಹಾಕಿದಳು.

“ಇದೊಂದು ಬಿಟ್ಟೀದಿ ನೋಡು,” ಎಂದಳು. ನಾನು ತಿಂದೆ.