ನೂರು ಡಿಗ್ರಿಯ ಮುಹೂರ್ತ

ಅಕ್ಕಿ ವ್ಯಾಪಾರದವನಾದ ನನ್ನ ಕಣ್ಣಿಗೆ ಹಾಲೇಶ ಮೊದಲ ನೋಟಕ್ಕೆ ಎರಡನೇ ದರ್ಜೆಯ ಮಾಲು. ಮೈಯಲ್ಲಿ ತೂಕವಿಲ್ಲ, ಮಾತಿನಲ್ಲಿ ಹೊಳಪಿಲ್ಲ, ಅಂಗಿಯ ಮೇಲಿನ ಗುಂಡಿ ಸದಾ ನಾಪತ್ತೆ. ಆದರೆ ಅಂಗೈಯಲ್ಲಿ ಹಾಕಿ ಉಜ್ಜಿ ನೋಡಿದರೆ ನುಚ್ಚು ಕಡಿಮೆ, ಕಲ್ಲಂತೂ ಇಲ್ಲವೇ ಇಲ್ಲ. ಇರುವ ದೋಷ ಒಂದೇ, ಪುಕ್ಕಲ. ಹೊಸಪೇಟೆಯ ಚಿತ್ತವಾಡ್ಗಿಯಲ್ಲಿ ಮದುವೆ ವಿಡಿಯೋದ ಪುಟ್ಟ ಅಂಗಡಿ ಇಟ್ಟುಕೊಂಡಿರುವ ಈ ಮನುಷ್ಯ ಡ್ರೈವರನ ಮುಖ ನೋಡಿದ ಮೇಲೆಯೇ ಬಸ್ಸು ಹತ್ತುವ ಪೈಕಿ. ಅಂಥವನು ತನ್ನ ಕಂಪ್ಯೂಟರಿನ ಪ್ರೊಸೆಸರನ್ನು ಕಂಪನಿ ಗೊತ್ತುಮಾಡಿದ ವೇಗಕ್ಕಿಂತ ಜೋರಾಗಿ ಓಡಿಸುತ್ತಿದ್ದ ಎಂದರೆ ಯಾರೂ ನಂಬುವುದಿಲ್ಲ.

ಅದಕ್ಕೂ ಕಾರಣ ಹೆದರಿಕೆಯೇ. ಕಂಪ್ಲಿಯಲ್ಲಿ ನನ್ನ ಮಗಳು ಗಂಗಾಂಬಿಕಾಳ ಮದುವೆಯಿತ್ತು. ನನ್ನ ತಾಯಿ ಹೊಳೆಮ್ಮ ಬಚ್ಚಲಲ್ಲಿ ಜಾರಿ ಸೊಂಟ ಮುರಿದುಕೊಂಡು, ಸಂಡೂರಿನಲ್ಲಿ ನನ್ನ ಅಕ್ಕ ವಿರುಪಮ್ಮನ ಮನೆಯಲ್ಲಿ ಮಲಗಿದ್ದಳು. ಮೊಬೈಲಿನ ಪರದೆಯಲ್ಲಿ ಮುಖ ಗುರುತು ಹಿಡಿಯುವಷ್ಟು ಕಣ್ಣು ಆಕೆಗೆ ಉಳಿದಿಲ್ಲ. ಅದಕ್ಕೇ ಅಲ್ಲಿಯ ದೊಡ್ಡ ಟಿವಿಗೆ ಮದುವೆಯನ್ನು ಲೈವ್ ಕಳಿಸುವುದೆಂದು ಮಾತಾಗಿತ್ತು. ಜೊತೆಗೆ ಪೆಂಡಾಲಿನಲ್ಲಿ ಮಂದಿ ನೋಡಲೆಂದು ಒಂದು ಎಲ್‌ಇಡಿ ಪರದೆ, ಅದರ ಮೇಲೆ ಹೂ ಸುರಿಯುವ, ಹೆಸರು ಮಿನುಗುವ ಎಫೆಕ್ಟು. ಮೂರು ಕ್ಯಾಮೆರಾಗಳ ಚಿತ್ರ ಬೆರೆಸಿ ಎರಡೂ ಕಡೆ ಕಳಿಸುವಷ್ಟರಲ್ಲಿ ಹಾಲೇಶನ ಹಳೆಯ ಮಷೀನು ಏದುಸಿರು ಬಿಡುತ್ತಿತ್ತು. ಸರಿಯಾಗಿ ತಾಳಿ ಕಟ್ಟುವ ಗಳಿಗೆಗೆ ಚಿತ್ರ ನಿಂತುಬಿಟ್ಟರೆ? ಆ ದಿಗಿಲಿಗೇ ಅವನು ವೇಗ ಏರಿಸಿದ.

ವೇಗ ಏರಿಸಿದರೆ ವೋಲ್ಟೇಜನ್ನೂ ಏರಿಸಬೇಕು, ಇಲ್ಲವಾದರೆ ಮಷೀನು ನಡುದಾರಿಯಲ್ಲೇ ನಿಲ್ಲುತ್ತದೆ. ವೋಲ್ಟೇಜು ತುಸು ಏರಿದರೂ ಕಾವು ಅದಕ್ಕಿಂತ ಬಿರುಸಾಗಿ ಏರುತ್ತದೆ. ಕಂಪ್ಯೂಟರ್ ಕ್ಲಾಸು ನಡೆಸುವ ಅವನ ಹೆಂಡತಿ ಸೌಜನ್ಯ ಮೊದಲೇ ಎಚ್ಚರಿಸಿದ್ದಳು.

"ನಮ್ಮ ಈ ಚಿಪ್ಪಿಗೆ ಒಂದು ಪಾಯಿಂಟ್ ಮೂರು ವೋಲ್ಟ್ ಸಾಕ್ರಿ. ಅದ್ರ ಮ್ಯಾಲೆ ಬ್ಯಾಡ."

"ಮೂರರಾಗ ಹ್ಯಾಂಗ್ ಆಗಾಕ ಹತ್ತೈತಿ."

"ಹಂಗಾದ್ರ ವೇಗ ಇಳಸ್ರಿ. ಮದಿವಿ ಅವರದು, ಸುಡೋದು ನಮ್ಮ ಮಷೀನು."

ಅವನು ಒಂದು ಪಾಯಿಂಟ್ ನಾಲ್ಕಕ್ಕೆ ಇಟ್ಟ. ಪರೀಕ್ಷೆಯನ್ನೂ ಮಾಡಿದ, ಕಾವು ಎಂಬತ್ತು ಡಿಗ್ರಿ ದಾಟಲಿಲ್ಲ. ನೂರು ಮುಟ್ಟಿದರೆ ಚಿಪ್ಪು ತಾನಾಗಿಯೇ ಓಟ ತಗ್ಗಿಸುತ್ತದೆ, ಅದನ್ನೂ ಮೀರಿದರೆ ಮಷೀನೇ ಆರಿಹೋಗುತ್ತದೆ. ಎಂಬತ್ತಕ್ಕೂ ನೂರಕ್ಕೂ ನಡುವೆ ಬೇಕಾದಷ್ಟು ಜಾಗವಿದೆ ಎಂದು ಸಮಾಧಾನ ಮಾಡಿಕೊಂಡ. ಆದರೆ ಪರೀಕ್ಷೆ ಮಾಡಿದ್ದು ಜನವರಿಯ ಬೆಳಗಿನಲ್ಲಿ, ತಣ್ಣನೆಯ ಕೋಣೆಯಲ್ಲಿ. ಮದುವೆ ನಡೆದದ್ದು ಮೇ ತಿಂಗಳಲ್ಲಿ, ನಮ್ಮ ಗಿರಣಿಯ ಮುಂದೆ ಭತ್ತ ಒಣಗಿಸುವ ಸಿಮೆಂಟು ಕಣದ ಮೇಲೆ. ಬೇಸಿಗೆಯ ಆ ಕಣವೆಂದರೆ ಕಾದ ಹಂಚು. ಸುತ್ತಲಿನ ಗಾಳಿ ಎಷ್ಟು ಹೆಚ್ಚು ಬಿಸಿಯೋ ಚಿಪ್ಪೂ ಸುಮಾರು ಅಷ್ಟೇ ಹೆಚ್ಚು ಬಿಸಿ. ಈ ಲೆಕ್ಕ ಹಾಲೇಶನಿಗೆ ಹೊಳೆದದ್ದು ಮುಹೂರ್ತಕ್ಕೆ ಸ್ವಲ್ಪ ಮುಂಚೆ, ಮಾನಿಟರಿನ ಮೂಲೆಯಲ್ಲಿ ತೊಂಬತ್ತನಾಲ್ಕು ಕಂಡಾಗ.

ಈಗ ವೋಲ್ಟೇಜು ಇಳಿಸಿದರೆ ಆ ವೇಗ ತಾಳದೆ ಮಷೀನು ನಿಂತೀತು. ಎರಡನ್ನೂ ಸರಿಯಾಗಿ ಇಳಿಸಬೇಕೆಂದರೆ ಬಂದ್ ಮಾಡಿ ಮತ್ತೆ ಚಾಲೂ ಮಾಡಬೇಕು. ಅಷ್ಟರಲ್ಲಿ ಸಂಡೂರಿನ ಲೈವ್ ಹೋಗುತ್ತದೆ. ತನ್ನ ಉಸಿರು ತಾಗಿದರೂ ಆ ಅಂಕಿ ಏರೀತು ಎನ್ನುವವನಂತೆ ಬಾಯಿ ಬಿಗಿದು ಕುಳಿತ.

ಆ ಹೊತ್ತಿಗೇ ಬಾಜಾದವರು ಯಾಕೋ ಒಂದು ಪೆಟ್ಟು ಜೋರಾಗಿ ಬಾರಿಸಿದರು. ಹಿಂದಿನ ಸಾಲುಗಳವರು ತಾಳಿಯೇ ಬಿತ್ತೆಂದು ಕೈಯಲ್ಲಿದ್ದ ಅಕ್ಷತೆ ಎಸೆದರು. ಹಿಂದಿನಿಂದ ಎಸೆದ ಅಕ್ಷತೆ ವೇದಿಕೆ ಮುಟ್ಟಿದ್ದನ್ನು ನಾನಂತೂ ಯಾವ ಮದುವೆಯಲ್ಲೂ ಕಂಡಿಲ್ಲ. ಎಲ್ಲ ಬಂದು ಬಿದ್ದದ್ದು ನಟ್ಟನಡುವೆ ಹಾಕಿದ್ದ ಹಾಲೇಶನ ಮೇಜಿನ ಮೇಲೆ. ತುಪ್ಪ, ಅರಿಸಿನ ಹಚ್ಚಿದ ಕಾಳುಗಳು ಕಂಪ್ಯೂಟರಿನ ನೆತ್ತಿಯ ಜಾಲರಿಯಲ್ಲಿ ಇಳಿದವು. ಬಿಸಿಗಾಳಿಯನ್ನು ಹೊರಗೆ ತಳ್ಳುವ ಫ್ಯಾನು ಕಟಕಟ ಎಂದು ನಿಂತೇಬಿಟ್ಟಿತು. ತೊಂಬತ್ತಾರು. ತೊಂಬತ್ತೆಂಟು. ನೂರು.

ಹಾಲೇಶನ ಫೋನು ರಿಂಗಾಯಿತು. ವಿರುಪಮ್ಮ.

"ತಮ್ಮಾ, ಚಿತ್ರ ಜಗ್ಗಿ ಜಗ್ಗಿ ಬರಾಕ ಹತ್ತೈತಿ. 'ಟಿವಿಗೆ ನಿದ್ದಿ ಬಂತೇನು' ಅಂತಾಳ ನಮ್ಮವ್ವ."

"ಹೋಗಂಗಿಲ್ರಿ ಅಕ್ಕಾರ, ಹೋಗಂಗಿಲ್ಲ. ನೀವು ಅಜ್ಜಿ ಕಡೆ ಕುಂದ್ರಿ." ಎಂದ ಹಾಲೇಶ. ಫೋನು ಕಟ್ ಮಾಡಲು ಧೈರ್ಯ ಸಾಲದೆ ಸ್ಪೀಕರ್ ಹಾಕಿ ಮೇಜಿನ ಮೇಲಿಟ್ಟ.

ಕಂಪ್ಯೂಟರ್ ಡಬ್ಬಿಯ ಪಕ್ಕದ ಬಾಗಿಲು ತೆಗೆದ. ಸ್ಕ್ರೂಡ್ರೈವರ್ ಹಾಕಿದರೆ ಎಲ್ಲಿ ಶಾರ್ಟ್ ಆದೀತೋ ಎಂದು, ಪೂಜೆಯ ತಟ್ಟೆಯಿಂದ ಊದುಬತ್ತಿಯ ಕಡ್ಡಿಯೊಂದನ್ನು ಎತ್ತಿಕೊಂಡ. ಅದರಿಂದ ಫ್ಯಾನಿನ ರೆಕ್ಕೆಯ ಸಂದಿಯಲ್ಲಿ ಕಚ್ಚಿಕೊಂಡಿದ್ದ ಕಾಳನ್ನು ಮೀಟಿದ. ಅದು ಹೊರಕ್ಕೆ ಹಾರಿತು, ಫ್ಯಾನು ತಿರುಗಿತು. ಅಂಕಿ ತೊಂಬತ್ತೈದಕ್ಕೆ ಇಳಿದು ಅಲ್ಲೇ ಹಟ ಹಿಡಿದು ಕೂತಿತು. ನಿಜವಾದ ಅಕ್ಷತೆ ಇನ್ನೂ ಬೀಳಬೇಕಿತ್ತು. ಕಂಪ್ಲಿಗೆ ಕಂಪ್ಲಿಯೇ ಮತ್ತೆ ಮುಷ್ಟಿ ತುಂಬಿಕೊಂಡು ಕೂತಿತ್ತು.

ಅಯ್ಯನವರು ಮಂತ್ರ ಎತ್ತಿದರು. ಮಷೀನಿನ ಹೊರೆ ಇಳಿಸಲು ಹಾಲೇಶ ಎಲ್‌ಇಡಿ ಪರದೆಯನ್ನೂ ಅದರ ಎಫೆಕ್ಟು, ಹೂ, ಹೆಸರು ಎಲ್ಲವನ್ನೂ ಒಟ್ಟಿಗೆ ಬಂದ್ ಮಾಡಿದ. ಪರದೆ ಕಪ್ಪಾಯಿತು. ಪೆಂಡಾಲು ಹೋ ಎಂದಿತು.

ಗಂಡಿನ ಸೋದರತ್ತೆ ಜಂಬವ್ವ ಎದ್ದೇ ನಿಂತಳು. "ಲೇ ತಮ್ಮಾ, ಯಾಕ ಬಂದ್ ಮಾಡಿದ್ಯೋ? ನಮ್ಮ ಹುಡುಗ ಒಂದೀಟು ಬೆಳ್ಳಗ ಕಾಣಾಕ ಹತ್ತಿದ್ದ, ಅದು ನಿನಗ ತಡಕೊಳ್ಳಾಕ ಆಗಲಿಲ್ಲೇನು?"

"ನಿಮ್ಮ ಮುಂದ ಖುದ್ದ ಮದುಮಗನ ಅದಾನ್ರಿ ಅಕ್ಕಾರ. ಸಂಡೂರಾಗಿನ ಅಜ್ಜಿಗೆ ಇದೊಂದ ದಾರಿ."

"ಹೆದರಿ ಬಂದ್ ಮಾಡ್ಯಾನ, ನೆವ ನೋಡ್ರಿ!" ಎಂದರು ಹಿಂದಿನಿಂದ ಯಾರೋ. ಸುಳ್ಳೇನಲ್ಲ.

ಬಾಜಾ ಮೊಳಗಿತು. ಅವನು ಹೆಗಲ ಮೇಲಿನ ಶಲ್ಯ ಬಿಡಿಸಿ, ಗಾಳಿ ಕಟ್ಟದಂತೆ ಡಬ್ಬಿಗಿಂತ ಮೊಳ ಎತ್ತರದಲ್ಲಿ ಎರಡೂ ಕೈಯಿಂದ ಚಪ್ಪರದ ಹಾಗೆ ಹಿಡಿದು ನಿಂತ. ಅಕ್ಷತೆ ಶಲ್ಯದ ಮೇಲೆ, ತಲೆಯ ಮೇಲೆ, ಕೊರಳಪಟ್ಟಿಯೊಳಗೆ ಬಿತ್ತು. ವೇದಿಕೆಯ ಕಡೆ ಅವನು ತಿರುಗಿಯೂ ನೋಡಲಿಲ್ಲ. ಕಣ್ಣು ಅಂಕಿಯ ಮೇಲೆಯೇ. ತೊಂಬತ್ತೊಂದು. ಎಂಬತ್ತೆಂಟು. ಅದು ಇಳಿಯುತ್ತಿದ್ದರೂ ಅವನಿಗೆ ನಂಬಿಕೆ ಬರಲಿಲ್ಲ.

ಮೇಜಿನ ಮೇಲಿನ ಫೋನು ಕೂಗಿತು: "ಕಟ್ಟಿದ್ರು ತಮ್ಮಾ, ಕಟ್ಟಿದ್ರು! ಅವ್ವ ಪೂರಾ ನೋಡಿದ್ಲು. ಕೈ ಮುಗದು, ಈಗ 'ಹುಡಿಗಿ ಮೂಗುಬಟ್ಟು ಸೊಟ್ಟ ಹಾಕ್ಯಾರ' ಅಂತ ಬೈಯಾಕ ಹತ್ಯಾಳ!"

ಹಾಲೇಶ ಶಲ್ಯ ಇಳಿಸಿ ಗಿರಣಿಯ ಗೋಡೆಗೆ ಒರಗಿದ. ಊಟಕ್ಕೆ ಕರೆದರೆ ಹೊಟ್ಟೆಯಲ್ಲಿ ಇನ್ನೂ ಫ್ಯಾನು ತಿರುಗುತ್ತಿದೆ ಎಂದ. ಜಂಬವ್ವ ಹೋಳಿಗೆ ತಿನ್ನುತ್ತಲೂ ಅವನನ್ನು ಬೈಯುತ್ತಿದ್ದಳು.

ಮಾರನೆಯ ದಿನವೇ ವೇಗವನ್ನು ಕಂಪನಿಯ ಗೆರೆಗೆ ಇಳಿಸಿ, ವೋಲ್ಟೇಜನ್ನು ಸೌಜನ್ಯ ಹೇಳಿದಲ್ಲಿಗೆ ತಂದ. ಈಗ ಬೇಸಿಗೆಯ ಮದುವೆ ಒಪ್ಪಿಕೊಂಡರೆ ಪರೀಕ್ಷೆಯನ್ನು ನಡುಮಧ್ಯಾಹ್ನ, ತಗಡಿನ ಶೆಡ್ಡಿನ ಕೆಳಗೆ ಮಾಡುತ್ತಾನೆ. ಪುಕ್ಕಲುತನವೇನೂ ಕಡಿಮೆಯಾಗಿಲ್ಲ.

ನನ್ನ ತಾಯಿ ಮೊಮ್ಮಗಳ ಕೊರಳಿಗೆ ತಾಳಿ ಬೀಳುವುದನ್ನು ತನ್ನ ಕಣ್ಣಿನಿಂದ ನೋಡಿದಳು. ಅದಕ್ಕಾಗಿ ನಾನು ಹಾಲೇಶನಿಗೆ ಋಣಿ.